ಬಟನ್ ಇದ್ದರೂ ಮುದಿಯಾಗುವ ಟೈರು

"ಬಟನ್ ಇನ್ನೂ ಚೆನ್ನಾಗಿದೆ, ಎರಡು ವರ್ಷ ಓಡುತ್ತೆ ಬಿಡಿ." ಮುಳಬಾಗಿಲು, ಶ್ರೀನಿವಾಸಪುರದ ಕಡೆ ಟ್ರ್ಯಾಕ್ಟರ್ ಟ್ರೇಲರ್ ಇಟ್ಟುಕೊಂಡವರ ಬಾಯಲ್ಲಿ ಇದೇ ಮಾತು. ಬಟನ್ ಅಂದರೆ ಟೈರಿನಲ್ಲಿ ನೆಲಕ್ಕೆ ತಾಗುವ ಉಬ್ಬು ಅಚ್ಚು. ಟೊಮೆಟೊ ಸೀಸನ್‌ನಲ್ಲಿ 15 ಕೆಜಿಯ 200 ಬಾಕ್ಸ್ ಹೇರಿದರೆ ಅಲ್ಲಿಗೆ ಮೂರು ಟನ್ ಆಯಿತು. ಕೋಲಾರದ ಮಾರ್ಕೆಟ್ ಮುಟ್ಟುವ ಮೊದಲೇ ಟೈರ್ ಢಮ್ ಅಂದರೆ ಯಾರದೋ ಕಣ್ಣು ಬಿತ್ತು ಅಂತ ನಿಂಬೆಹಣ್ಣು ಕಟ್ಟುತ್ತಾರೆ. ಕಣ್ಣು ಬಿದ್ದದ್ದೇನೋ ನಿಜ. ಅದು ಓಜೋನಿನ ಕಣ್ಣು.

ಕಾರಿನ ಟೈರು ಸಾಮಾನ್ಯವಾಗಿ ಓಡಿ ಸವೆಯುತ್ತದೆ. ಟ್ರೇಲರ್ ಟೈರು ನಿಂತು ನಿಂತೇ ಕೆಡುತ್ತದೆ. ಅಮೆರಿಕದಲ್ಲಿ ಮನೆಯಂಥ ಟ್ರೇಲರನ್ನು ಕಾರಿಗೆ ಕಟ್ಟಿಕೊಂಡು ಪ್ರವಾಸ ಹೋಗುವವರಿಗೂ ಇದೇ ಗೋಳು.

ರಬ್ಬರ್ ಅಂದರೆ ಉದ್ದುದ್ದ ಅಣುಸರಪಳಿಗಳು. ಅವುಗಳಲ್ಲಿ ಅಲ್ಲಲ್ಲಿ ಜೋಡಿ ಬಂಧಗಳಿರುತ್ತವೆ. ಗಾಳಿಯಲ್ಲಿರುವ ಚೂರೇಚೂರು ಓಜೋನ್ ಸರಿಯಾಗಿ ಅಲ್ಲಿಗೇ ಬಾಯಿ ಹಾಕುತ್ತದೆ. ರಬ್ಬರ್ ಸಡಿಲವಾಗಿದ್ದರೆ ಮೇಲಿನ ತೆಳು ಪದರ ಕೆಟ್ಟು ಅಲ್ಲಿಗೇ ನಿಲ್ಲುತ್ತದೆ. ಎಳೆತದಲ್ಲಿದ್ದರೆ ಕಥೆಯೇ ಬೇರೆ. ಬಟ್ಟೆ ಅಂಗಡಿಯವರು ಅಂಚಿಗೆ ಒಂಚೂರು ಕತ್ತರಿ ತಾಗಿಸಿ ಎರಡೂ ಕಡೆ ಎಳೆದರೆ ಸರ್ರನೆ ಸೀಳುತ್ತದಲ್ಲ, ಹಾಗೆ. ಸೀಳಿದಷ್ಟೂ ಒಳಗಿನ ಹೊಸ ರಬ್ಬರ್ ಓಜೋನಿಗೆ ಸಿಗುತ್ತದೆ. ಭಾರ ಹೊತ್ತು ನಿಂತ ಟ್ರೇಲರಿನ ಚಕ್ರ ಬಗ್ಗಿ ನೋಡಿ: ನೆಲದ ಹತ್ತಿರ ಟೈರಿನ ಪಕ್ಕೆ ಉಬ್ಬಿರುತ್ತದೆ. ತಿಂಗಳುಗಟ್ಟಲೆ ಅದೇ ಜಾಗದಲ್ಲಿ ಎಳೆತ.

1950ರ ಸುಮಾರಿಗೆ ಲಾಸ್ ಏಂಜಲೀಸ್‌ನಲ್ಲಿ ಇದನ್ನೇ ಅಳತೆಗೋಲು ಮಾಡಿಕೊಂಡಿದ್ದರು. ಬಗ್ಗಿಸಿದ ರಬ್ಬರ್ ಪಟ್ಟಿಯನ್ನು ಗಾಳಿಗಿಟ್ಟು, ಬಿರುಕು ನೋಡಿ ಊರಿನ ಓಜೋನ್ ಎಷ್ಟೆಂದು ಅಂದಾಜು ಮಾಡುತ್ತಿದ್ದರು. ಆ ಊರಿನ ಹೊಗೆಮಂಜಿನ ಗುಟ್ಟು ಬಿಡಿಸಿದ ವಿಜ್ಞಾನಿ ಹಾಗೆನ್-ಸ್ಮಿಟ್‌ಗೂ ಈ ಬಿರುಕುಗಳು ನೆರವಾದವು. ಎಂಥ ಚಂದದ ಉಪಾಯ, ಅಲ್ವಾ?

ಈ ಬಿರುಕು ತಡೆಯಲೆಂದೇ ಟೈರ್ ಮಾಡುವಾಗ ಮೇಣ ಮತ್ತು ಓಜೋನ್ ತಡೆಯುವ ರಾಸಾಯನಿಕ ಬೆರೆಸುತ್ತಾರೆ. ಟೈರ್ ಉರುಳಿ ಬಾಗಿ ಬಳುಕಿದಂತೆ ಅವು ಒಳಗಿನಿಂದ ಮೇಲಕ್ಕೆ ಬರುತ್ತಿರುತ್ತವೆ. ನಿಂತ ಟೈರಿಗೆ ಆ ರಕ್ಷಣೆ ಕಮ್ಮಿ. ಪಕ್ಕದಲ್ಲೇ ವೆಲ್ಡಿಂಗ್ ಶೆಡ್ ಇದ್ದರೆ ಇನ್ನೂ ಕಷ್ಟ, ಕಿಡಿಯ ಜೊತೆ ಓಜೋನೂ ಹುಟ್ಟುತ್ತದೆ. ಕಪ್ಪಗೆ ಮಿರಿಮಿರಿ ಕಾಣಲಿ ಅಂತ ಹಳೇ ಎಂಜಿನ್ ಆಯಿಲ್ ಬಳಿಯುವುದಂತೂ ಶುದ್ಧ ತಪ್ಪು. ಎಣ್ಣೆ ಹೀರಿದ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ.

ಹಾಗಾದರೆ ಬದಲಾಯಿಸುವುದು ಯಾವಾಗ? ಪಕ್ಕೆಯ ಮೇಲೆ ನಾಲ್ಕು ಅಂಕಿ ಹುಡುಕಿ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಕೆಲವು ಟೈರಿನಲ್ಲಿ ಇದು ಒಳಬದಿಗೆ ಮಾತ್ರ ಇರುತ್ತದೆ, ಟ್ರೇಲರ್ ಕೆಳಗೆ ತೂರಲೇಬೇಕು. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು, ಮುಟ್ಟಲೇಬೇಡಿ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತೋರಿಸಿ, ಬಟನ್ ಎಷ್ಟೇ ಇದ್ದರೂ ಹತ್ತು ವರ್ಷ ಮೀರಬೇಡಿ ಅಂತ ಹಲವು ಕಂಪನಿಗಳೇ ಹೇಳುತ್ತವೆ. ಹೊರೆ ಹೊರುವ ಟ್ರೇಲರಿಗೆ ನಾನಾದರೆ ಆರು ವರ್ಷಕ್ಕೇ ನಿಲ್ಲಿಸುತ್ತೇನೆ. ಪಕ್ಕೆಯಲ್ಲಿ ಗಂಟಿನಂತೆ ಉಬ್ಬಿದ್ದರೆ, ಬಿರುಕಿನೊಳಗೆ ದಾರ ಕಂಡರೆ, ವಯಸ್ಸು ನೋಡುತ್ತ ಕೂರಬೇಡಿ, ಅವತ್ತೇ ಬಿಚ್ಚಿಸಿ.

ರೀಬಟನ್ ಟೈರ್ ಕೊಳ್ಳುವಾಗಲೂ ಆ ನಾಲ್ಕು ಅಂಕಿ ನೋಡಿ. ಮೇಲಿನ ಬಟನ್ ಮಾತ್ರ ಹೊಸದು, ಭಾರ ಹೊರುವ ಪಕ್ಕೆ ಹಳೆಯದೇ.