ಕಾರ್ಡ್ ಪ್ಯಾಕಿನ ಬೆಳ್ಳಿ ಕವರ್ ತೊಳೆದು ತರಬೇಡಿ

ಮಕ್ಕಳು ಆಡಲು, ಕೂಡಿಡಲು ಕೊಳ್ಳುವ ಪೋಕೆಮಾನ್ ಕಾರ್ಡ್ ಪ್ಯಾಕಿನ ಹೊಳೆಯುವ ಕವರ್‌ಗಳನ್ನು ತೊಳೆದು, ಒಣಗಿಸಿ, ಚೀಲ ತುಂಬಿಸಿ ನಮ್ಮ ಘಟಕಕ್ಕೆ ತರುವುದನ್ನು ದಯವಿಟ್ಟು ನಿಲ್ಲಿಸಿ. ಅವನ್ನು ನನ್ನಿಂದ ಕೊಳ್ಳುವವರು ಯಾರೂ ಇಲ್ಲ. ಎಷ್ಟು ಸಲ ಹೇಳಿದರೂ ಇದೊಂದು ಮಾತು ಜನರ ಮನಸ್ಸಿಗೆ ಇಳಿಯುತ್ತಿಲ್ಲ. ಹಾಗಾಗಿ ಬರೆದೇ ಹೇಳೋಣ ಅಂತ ಕೂತಿದ್ದೇನೆ.

ನಮ್ಮದು ಒಣ ಕಸದ ಕೆಲಸ. ರಟ್ಟು, ರದ್ದಿ, ಹಾಲಿನ ಕವರ್, ನೀರಿನ ಬಾಟಲಿ ಕೊಂಡು, ಆರಿಸಿ, ಬೇಲ್ ಕಟ್ಟಿ ಕಾರ್ಖಾನೆಗಳಿಗೆ ಕಳಿಸುತ್ತೇವೆ. ದಾವಣಗೆರೆಯ ಅಂಗಡಿ, ಹಾಸ್ಟೆಲ್, ಶಾಲೆಗಳವರು ಕರೆದರೆ ಹೋಗಿ, ಕಸ ಕಡಿಮೆ ಮಾಡುವ ದಾರಿ ಹೇಳಿ ಬರುತ್ತೇನೆ. ಈಗೀಗ ಕಾರ್ಡ್ ಆಟದ ಮಕ್ಕಳು, ಅವರ ಅಪ್ಪ ಅಮ್ಮ, ಕಾರ್ಡ್ ಮಾರುವ ಅಂಗಡಿಯವರು ಬಂದು ಕೇಳುವುದು ಜಾಸ್ತಿಯಾಗಿದೆ. ಕೇಳುವವರೆಲ್ಲ ಒಳ್ಳೆಯ ಮನಸ್ಸಿನವರು. ಆದರೆ ಎಲ್ಲರೂ ಹಿಡಿಯುವುದು ಒಂದೇ ತಪ್ಪು ತುದಿ. ಕವರ್ ಹರಿದ ಮೇಲೆ ಏನು ಮಾಡಬೇಕು ಅಂತ ಕೇಳುತ್ತಾರೆ. ಹರಿಯುವ ಮೊದಲು ಏನು ಮಾಡಬೇಕು ಅಂತ ಕೇಳುವವರು ತೀರಾ ಕಡಿಮೆ.

ಮೊದಲು ಆ ಕವರ್ ಏನು ಅಂತ ತಿಳಿಯಿರಿ. ನೋಡಲು ಬೆಳ್ಳಿ ಹಾಳೆ ಥರ ಇರುತ್ತದೆ. ಅಲ್ಯೂಮಿನಿಯಂ ಅಂದುಕೊಂಡು ತರುತ್ತಾರೆ. ಅದು ಪ್ಲಾಸ್ಟಿಕ್. ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಫಿಲ್ಮ್, ಅದಕ್ಕೆ ಅಲ್ಯೂಮಿನಿಯಂ ಆವಿ ಹಿಡಿಸಿರುತ್ತಾರೆ. ಆ ಲೋಹದ ಲೇಪ ನಿಮ್ಮ ತಲೆಕೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲೂ ಇರುವುದಿಲ್ಲ. ಮೇಲೆ ಬಣ್ಣದ ಮುದ್ರಣ, ನಡುವೆ ಅಂಟು, ಒಳಗೆ ಬಿಸಿಗೆ ಮೆತ್ತಿಕೊಳ್ಳುವ ಇನ್ನೊಂದು ಪದರ. ಚಿಪ್ಸ್ ಪ್ಯಾಕೆಟ್ಟೂ ಇದೇ ಜಾತಿ.

ನಂಬಿಕೆ ಬರದಿದ್ದರೆ ಮುಷ್ಟಿಯಲ್ಲಿ ಹಿಡಿದು ಗಟ್ಟಿಯಾಗಿ ಮುದುಡಿ, ಬಿಟ್ಟು ನೋಡಿ. ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಮುದುಡಿದ ಹಾಗೇ ಉಳಿಯುತ್ತದೆ. ಕಾರ್ಡಿನ ಕವರ್ ಚರಚರ ಅಂತ ಮತ್ತೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡರೆ ಪ್ಲಾಸ್ಟಿಕ್ ಅಂತಲೇ ಲೆಕ್ಕ. ಗುಜರಿಯವನು ಯಾಕೆ ಬೇಡ ಅಂದ ಅನ್ನೋದಕ್ಕೆ ಇಷ್ಟೇ ಸಾಕು.

ಪ್ಲಾಸ್ಟಿಕ್ ಆದರೆ ಕರಗಿಸಬಹುದಲ್ವಾ ಅಂತ ಕಾಲೇಜು ಹುಡುಗರು ವಾದ ಹಾಕುತ್ತಾರೆ. ಹಾಲಿನ ಕವರ್ ಒಂದೇ ಜಾತಿಯ ಪ್ಲಾಸ್ಟಿಕ್, ತೊಳೆದು ಕೊಟ್ಟರೆ ಕರಗಿಸಿ ಪ್ಲಾಸ್ಟಿಕ್ ಕಾಳು ಮಾಡುವವರು ಕೊಳ್ಳುತ್ತಾರೆ. ಇದರಲ್ಲಿ ಪದರ, ಶಾಯಿ, ಅಂಟು, ಲೋಹ ಎಲ್ಲ ಒಂದಕ್ಕೊಂದು ಅಂಟಿ ಕೂತಿರುತ್ತವೆ. ಒಗ್ಗರಣೆ ಹಾಕಿದ ಮಂಡಕ್ಕಿಯಿಂದ ಎಣ್ಣೆ ವಾಪಸ್ ತೆಗೆಯಲು ಆಗುತ್ತಾ? ಹಾಗೇ ಇದು. ಒಟ್ಟಿಗೆ ಕರಗಿಸಿದರೆ ಬರುವುದು ಕಪ್ಪು ಬಣ್ಣದ, ಬಲವಿಲ್ಲದ ಮಾಲು. ಪದರ ಬಿಡಿಸುವ ವಿಧಾನಗಳು ಇಲ್ಲ ಅಂತ ನಾನು ಹೇಳುವುದಿಲ್ಲ. ನಮ್ಮ ಘಟಕಕ್ಕೆ ಬಂದು ತೂಕ ಹಾಕಿ ದುಡ್ಡು ಕೊಟ್ಟು ಒಯ್ಯುವವರು ಇಲ್ಲ ಅಂತ ಹೇಳುತ್ತಿದ್ದೇನೆ.

ತೂಕದ ಲೆಕ್ಕ ಬೇರೆ ಇದೆ. ಒಂದು ಕವರ್ ಎರಡು ಗ್ರಾಂ ಕೂಡ ತೂಗುವುದು ಕಷ್ಟ. ಒಂದು ಕೆಜಿ ಆಗಬೇಕಾದರೆ 500ಕ್ಕಿಂತ ಜಾಸ್ತಿ ಕವರ್ ಬೇಕು. ನಮ್ಮಲ್ಲಿ ಆರಿಸುವ ಹೆಂಗಸರು ಒಂದೊಂದನ್ನೂ ಕೈಯಿಂದ ಎತ್ತಬೇಕು. ರಟ್ಟಿನ ಒಂದು ಡಬ್ಬಿ ಎತ್ತಿದರೆ ಸಿಗುವ ತೂಕಕ್ಕೆ ಇದನ್ನು ನೂರಾರು ಸಲ ಬಗ್ಗಿ ಎತ್ತಬೇಕು. ಅವರ ಬೆನ್ನಿಗೂ ಬೆಲೆ ಇದೆ.

ಹಾಗಾದರೆ ಎಲ್ಲಿಗೆ ಹೋಗುತ್ತದೆ? ಒಣಗಿದ್ದು ಸಾಕಷ್ಟು ಸೇರಿ, ಲಾರಿ ಬಾಡಿಗೆ ಕೊಡುವವರು ಸಿಕ್ಕರೆ, ಇಂಥ ಮಾಲು ಸಿಮೆಂಟ್ ಕಾರ್ಖಾನೆಗೆ ಹೋಗಬಹುದು. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆ ದೊಡ್ಡ ಸಿಮೆಂಟ್ ಕಾರ್ಖಾನೆಗಳಿವೆ. ಅಂಥ ಗೂಡುಗಳ ಒಳಗೆ 1,400 ಡಿಗ್ರಿ ದಾಟಿದ ಶಾಖ ಇರುತ್ತದೆ. ಕಲ್ಲಿದ್ದಲಿನ ಜೊತೆ ಇದನ್ನೂ ಉರಿಸುತ್ತಾರೆ. ಬಯಲಲ್ಲಿ ಬಿದ್ದು ಚರಂಡಿ ಕಟ್ಟುವುದಕ್ಕಿಂತ ಅದು ವಾಸಿ. ಆದರೆ ಕವರ್ ಮತ್ತೆ ಕವರ್ ಆಗುವುದಿಲ್ಲ. ಬಕೆಟ್ಟೂ ಆಗುವುದಿಲ್ಲ. ಉರಿದು ಹೋಗುತ್ತದೆ.

ವಿದ್ಯಾನಗರದಿಂದ ಒಬ್ಬ ತಾಯಿ ಬಂದಿದ್ದರು. ಮಗ, ಅವನ ಗೆಳೆಯರು ಭಾನುವಾರ ಅವರ ಮನೆಯ ಮಹಡಿ ಮೇಲೆ ಕಾರ್ಡ್ ಆಡುತ್ತಾರಂತೆ. ಅಷ್ಟೂ ಹುಡುಗರ ಕವರ್‌ಗಳನ್ನು ಕೂಡಿಟ್ಟು, ಸೋಪು ಹಾಕಿ ತೊಳೆದು, ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಿದ್ದರು. "ಒಂದೂ ಹೊರಗೆ ಎಸೆದಿಲ್ರೀ ಅಣ್ಣ" ಅಂದರು. ಬೇಸಿಗೆಯಲ್ಲಿ ನಲ್ಲಿ ನೀರಿಗೆ ಕಾಯುವ ಊರು ನಮ್ಮದು. ಎಣ್ಣೆ ಇಲ್ಲ, ಜಿಡ್ಡು ಇಲ್ಲ, ಒಳಗೆ ಇದ್ದದ್ದು ಒಣ ಕಾರ್ಡು. ಅದಕ್ಕೆ ಸೋಪು ಯಾಕೆ? ಆ ಅಮ್ಮನ ಶ್ರದ್ಧೆ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಕೂರಿಸಿ, ಮುದುಡಿ ತೋರಿಸಿ, ಇಷ್ಟೆಲ್ಲ ಹೇಳಿದೆ. ಕೊನೆಗೆ ಕೇಳಿದೆ: ಹುಡುಗ ಇಷ್ಟು ಪ್ಯಾಕ್ ಯಾಕೆ ಕೊಳ್ಳುತ್ತಾನೆ? "ಅವನಿಗೆ ಯಾವುದೋ ಒಂದು ಕಾರ್ಡ್ ಬೇಕಂತ್ರೀ, ಅದು ಬರ್ತಾನೇ ಇಲ್ಲ" ಅಂದರು.

ವಿಷಯ ಇರುವುದೇ ಅಲ್ಲಿ. ಪ್ಯಾಕಿನ ಕವರ್ ಇರುವುದು ಕಾರ್ಡನ್ನು ಕಾಪಾಡುವುದಕ್ಕಿಂತ ಮುಖ್ಯವಾಗಿ ಬಚ್ಚಿಡುವುದಕ್ಕೆ. ಒಳಗೆ ಯಾವ ಕಾರ್ಡ್ ಇದೆ ಅಂತ ಕಾಣಬಾರದು, ಯಾರೂ ತೆರೆದು ನೋಡಿ ಒಳ್ಳೆಯದನ್ನು ಎತ್ತಿಕೊಂಡು ಮತ್ತೆ ಮುಚ್ಚಬಾರದು. 1993ರಲ್ಲಿ ರಿಚರ್ಡ್ ಗಾರ್‌ಫೀಲ್ಡ್ ಅವರ ಮ್ಯಾಜಿಕ್ ಅನ್ನುವ ಕಾರ್ಡ್ ಆಟ ಬಂದಾಗಿನಿಂದ ಇದೇ ಪದ್ಧತಿ. ಬೂಸ್ಟರ್ ಅನ್ನುವ ಅದರ ಮುಚ್ಚಿದ ಪ್ಯಾಕಿನಲ್ಲಿ ಆಗ 15 ಕಾರ್ಡ್ ಇರುತ್ತಿದ್ದವು. 1996ರಲ್ಲಿ ಜಪಾನಿನಲ್ಲಿ ಶುರುವಾದ ಪೋಕೆಮಾನ್ ಕಾರ್ಡೂ ಇದೇ ದಾರಿ ಹಿಡಿಯಿತು. ಕುತೂಹಲ ಮಾರಬೇಕಾದರೆ ಮುಚ್ಚಿದ ಕವರ್ ಬೇಕೇ ಬೇಕು.

ಕಂಪನಿಯವರೇ ಬದಲಾಯಿಸಲಿ ಅನ್ನುವವರಿದ್ದಾರೆ. ಬದಲಾಯಿಸಬೇಕು, ನಾನೂ ಒಪ್ಪುತ್ತೇನೆ. ಮ್ಯಾಜಿಕ್ ಆಟದ ಒಡೆತನ ಇರುವ ಹಾಸ್ಬ್ರೊ ಕಂಪನಿ 2019ರಲ್ಲಿ ಒಂದು ಮಾತು ಕೊಟ್ಟಿತ್ತು. 2022ರ ಕೊನೆಗೆ ಹೊಸ ಸಾಮಾನುಗಳ ಪ್ಯಾಕಿಂಗ್‌ನಿಂದ ಹೆಚ್ಚುಕಮ್ಮಿ ಎಲ್ಲ ಪ್ಲಾಸ್ಟಿಕ್ ತೆಗೆಯುತ್ತೇವೆ ಅಂದಿತ್ತು. ಕೆಲವು ಡಬ್ಬಿಗಳು ಪೂರ್ತಿ ರಟ್ಟಿಗೆ ಬಂದವು. ಆಮೇಲೆ 2023ರಲ್ಲಿ ಕೆಲವು ಗೊಂಬೆಗಳ ಡಬ್ಬಿಗೆ ಪ್ಲಾಸ್ಟಿಕ್ ಕಿಟಕಿ ವಾಪಸ್ ತರುವುದಾಗಿ ಹೇಳಿತು. ಒಳಗಿನ ಗೊಂಬೆ ಕಾಣಬೇಕು ಅಂತ ಕೇಳಿದವರು ಕೊಳ್ಳುವವರೇ. ನನ್ನ ಕೈಗೆ ಬರುವ ಬೂಸ್ಟರ್ ಕವರ್‌ಗಳಂತೂ ಈಗಲೂ ಫಿಲ್ಮೇ.

ಆದ್ದರಿಂದ ಆ ಹುಡುಗನಿಗೆ ನಾನು ಹೇಳಿಕಳಿಸಿದ್ದು ಒಂದೇ: ಬೇಕಾದ ಕಾರ್ಡನ್ನು ಬಿಡಿಯಾಗಿ ಕೊಳ್ಳಪ್ಪ. ಆಡುವವರು ಸಿಂಗಲ್ಸ್ ಅನ್ನುತ್ತಾರೆ. ಪೋಕೆಮಾನ್ ಆಡಲು ಜೋಡಿಸಿಕೊಳ್ಳುವ ಕಟ್ಟಿಗೆ, ಅಂದರೆ ಡೆಕ್‌ಗೆ, 60 ಕಾರ್ಡ್ ಬೇಕು. ಬೇಸಿಕ್ ಎನರ್ಜಿ ಅನ್ನುವ ಕಾರ್ಡ್ ಬಿಟ್ಟು, ಒಂದೇ ಹೆಸರಿನವು ನಾಲ್ಕರ ತನಕ ಇರಬಹುದು. ಹತ್ತು ಕಾರ್ಡಿನ ಪ್ಯಾಕ್ ಹರಿಯುತ್ತಾ ಆ ನಾಲ್ಕೂ ಸಿಗಲಿ ಅಂತ ಕೂತರೆ ಎಷ್ಟು ಕವರ್ ಆಗುತ್ತದೋ ಯಾರಿಗೂ ಗೊತ್ತಿಲ್ಲ. 36 ಪ್ಯಾಕಿನ ಇಡೀ ಬಾಕ್ಸ್ ತೆರೆದರೂ ಸಿಗದೇ ಇರಬಹುದು. ಹೊಸಬರಾದರೆ 60 ಕಾರ್ಡೂ ಒಟ್ಟಿಗೆ ಬರುವ ರೆಡಿ ಡೆಕ್ ಕೊಳ್ಳಿ. ಒಂದೇ ಡಬ್ಬಿ, ಅದರಲ್ಲಿ ಬಹುಪಾಲು ರಟ್ಟು. ರಟ್ಟನ್ನು ನಾನು ಸಂತೋಷದಿಂದ ಕೊಳ್ಳುತ್ತೇನೆ.

ಇಲ್ಲೊಂದು ಎಚ್ಚರಿಕೆ ಇದೆ. ವಾರಕ್ಕೊಂದು ಬಿಡಿ ಕಾರ್ಡನ್ನು ಆನ್‌ಲೈನಲ್ಲಿ ತರಿಸಿದರೆ ಉಳಿಸಿದ್ದು ಕೊರಿಯರ್ ಪ್ಯಾಕಿಂಗ್‌ನಲ್ಲೇ ಹೋಗುತ್ತದೆ. ಒಳಗೆ ಗುಳ್ಳೆ ಪ್ಲಾಸ್ಟಿಕ್, ಹೊರಗೆ ಕಾಗದ ಅಂಟಿಸಿದ ಲಕೋಟೆ ಬರುತ್ತದಲ್ಲ, ಅದೂ ಎರಡು ಜಾತಿ ಕೂಡಿದ ಮಾಲು. ರದ್ದಿಯವನೂ ಮುಟ್ಟುವುದಿಲ್ಲ, ಪ್ಲಾಸ್ಟಿಕ್‌ನವನೂ ಮುಟ್ಟುವುದಿಲ್ಲ. ಐದಾರು ಜನ ಗೆಳೆಯರು ಸೇರಿ ತಿಂಗಳಿಗೊಮ್ಮೆ ಒಂದೇ ಪಾರ್ಸೆಲ್ ತರಿಸಿ. ಬಂದ ಲಕೋಟೆ ಅಂಚಿನಲ್ಲಿ ಕತ್ತರಿಸಿ ತೆಗೆಯಿರಿ, ಇನ್ನೊಮ್ಮೆ ಕಳಿಸಲು ಆಗುತ್ತದೆ. ಬರೀ ಪ್ಲಾಸ್ಟಿಕ್ ಕೊರಿಯರ್ ಚೀಲವಾದರೆ ವಿಳಾಸದ ಚೀಟಿ ಅಂಟಿದ ಭಾಗ ಕತ್ತರಿಸಿ ಕೊಡಿ. ಚೀಟಿ, ಟೇಪ್ ಇದ್ದರೆ ರೇಟು ಬೀಳುತ್ತದೆ.

ಕಾರ್ಡ್ ಕಳಿಸುವವರೂ ಕೇಳಿ. ಕಾರ್ಡಿನ ಅಳತೆ 63 ಮಿಲಿಮೀಟರ್ ಅಗಲ, 88 ಮಿಲಿಮೀಟರ್ ಉದ್ದ. ಅದು ಬಾಗದಂತೆ ಕಾಯಲು ಎರಡು ಗಟ್ಟಿ ರಟ್ಟಿನ ತುಂಡು ಸಾಕು. ಚೌಕಿಪೇಟೆಯ ಯಾವುದಾದರೂ ಬಟ್ಟೆ ಅಂಗಡಿಯಲ್ಲಿ ಕೇಳಿ, ಶರ್ಟಿನೊಳಗೆ ಇಡುವ ರಟ್ಟು ಸುಮ್ನೆ ಕೊಡುತ್ತಾರೆ. ಮನೆಯಲ್ಲಿ ಬಿದ್ದಿರುವ ಹಳೆ ಲಗ್ನಪತ್ರಿಕೆಗಳೂ ಆಗುತ್ತವೆ. ನಮ್ಮ ಹತ್ತಿರ ಮದುವೆ ಸೀಸನ್ ಮುಗಿದ ಮೇಲೆ ಮೂಟೆಗಟ್ಟಲೆ ಬರುತ್ತವೆ, ಮೇಲೆ ಪ್ಲಾಸ್ಟಿಕ್ ಪದರ ಇರುವುದರಿಂದ ಕಾಗದದ ಮಿಲ್ಲಿನವರು ಮುಖ ಸಿಂಡರಿಸುತ್ತಾರೆ. ಕಾರ್ಡ್ ಕಾಯುವುದಕ್ಕೆ ಅವು ಹೇಳಿ ಮಾಡಿಸಿದ ಹಾಗಿವೆ. ಟೇಪ್ ಹಚ್ಚುವಾಗ ತುದಿಯನ್ನು ಒಂದಿಷ್ಟು ಒಳಗೆ ಮಡಚಿ. ಬಿಚ್ಚುವವರು ಹಿಡಿದು ಎಳೆಯಲು ಬರುತ್ತದೆ, ಕಾರ್ಡಿಗೆ ಹಾಕುವ ತೆಳು ಪ್ಲಾಸ್ಟಿಕ್ ಚೀಲವಾದ ಸ್ಲೀವೂ, ಟಾಪ್‌ಲೋಡರೂ ಹಾಳಾಗದೆ ಉಳಿಯುತ್ತವೆ.

ಟಾಪ್‌ಲೋಡರ್ ಅಂದರೆ ಕಾರ್ಡ್ ಇಳಿಸುವ ಗಟ್ಟಿ ಪಾರದರ್ಶಕ ಕವಚ. ಸಾಮಾನ್ಯವಾಗಿ ಪಿವಿಸಿ. ಗಟ್ಟಿ ಪ್ಲಾಸ್ಟಿಕ್ ಅಂತ ಬಾಟಲಿ ಜೊತೆ ಹಾಕಬೇಡಿ, ಪಿವಿಸಿ ಚೂರು ಸೇರಿದರೆ ಬಾಟಲಿಯ ಇಡೀ ಲಾಟು ಕೆಡುತ್ತದೆ. ಟಾಪ್‌ಲೋಡರನ್ನು ಎಷ್ಟು ಸಲ ಬೇಕಾದರೂ ಬಳಸಬಹುದು. ಅಂಗಡಿಯವರು ಗಲ್ಲಾದ ಪಕ್ಕ ಒಂದು ಡಬ್ಬಿ ಇಟ್ಟು, ಗಿರಾಕಿಗಳು ತಂದುಕೊಟ್ಟಿದ್ದನ್ನು ಮುಂದಿನವರಿಗೆ ಕೊಡಬಹುದು. ಯಾವ ಕಾರಣಕ್ಕೂ ಬಚ್ಚಲ ಒಲೆಗೆ ಹಾಕಬೇಡಿ. ಪಿವಿಸಿ ಸುಟ್ಟರೆ ಬರುವ ಹೈಡ್ರೋಜನ್ ಕ್ಲೋರೈಡ್ ಹೊಗೆ ಕಣ್ಣಿಗೂ ಗಂಟಲಿಗೂ ಕೆಟ್ಟದ್ದು. ಬೆಳ್ಳಿ ಕವರನ್ನೂ ಹಾಕಬೇಡಿ. ಸ್ನಾನದ ನೀರು ಕಾಯಿಸಲು ಇದನ್ನು ಉರಿಸುವ ಮನೆಗಳನ್ನು ನೋಡಿದ್ದೇನೆ. ಸಿಮೆಂಟ್ ಗೂಡಿನ ಶಾಖ ಬಚ್ಚಲ ಒಲೆಗೆ ಬರುವುದಿಲ್ಲ.

ಶಾಲೆಗಳ ಮುಂದೆ ಐದು ಹತ್ತು ರೂಪಾಯಿಗೆ ಮಾರುವ ನಕಲಿ ಪ್ಯಾಕ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟೂರ್ನಮೆಂಟಿನಲ್ಲಿ ನಡೆಯುವುದಿಲ್ಲ, ಗುಜರಿಗೂ ಬರುವುದಿಲ್ಲ. ಚಿನ್ನದ ಬಣ್ಣದ ಆ ಪ್ಲಾಸ್ಟಿಕ್ ಕಾರ್ಡುಗಳಂತೂ ಕೊಂಡ ದಿನವೇ ಕಸ.

ಮಕ್ಕಳ ಪ್ಯಾಕ್ ಹರಿಯುವ ಸಂತೋಷ ಕಿತ್ತುಕೊಳ್ಳಿ ಅಂತ ನಾನು ಯಾವ ಅಪ್ಪ ಅಮ್ಮನಿಗೂ ಹೇಳಿಲ್ಲ. ಪ್ಯಾಕ್ ತೆರೆಯುವಾಗ ಅವರ ಮುಖ ನೋಡಬೇಕು. ಹುಟ್ಟುಹಬ್ಬಕ್ಕೆ ಒಂದೆರಡು ನಿಜವಾದ ಪ್ಯಾಕ್ ಕೊಡಿ. ಬಂದ ಮಕ್ಕಳಿಗೆಲ್ಲ ರಿಟರ್ನ್ ಗಿಫ್ಟ್ ಅಂತ ತಲೆಗೊಂದು ಪ್ಯಾಕ್ ಹಂಚುವುದನ್ನು ಬಿಡಿ. ಆಡುವ ಪ್ರತಿ ಮನೆಯಲ್ಲೂ ಡಬ್ಬಿಗಟ್ಟಲೆ ಎರಡೆರಡು, ಮೂರು ಮೂರು ಸಲ ಬಂದ ಕಾರ್ಡ್‌ಗಳಿವೆ. ಹಳೆ ಪೇಪರಿನಲ್ಲಿ ಪೊಟ್ಟಣ ಕಟ್ಟಿ. ಒಂದೊಂದರಲ್ಲಿ ನಾಲ್ಕೈದು ಕಾರ್ಡ್, ನಡುನಡುವೆ ಒಂದು ಹೊಳೆಯುವ ಕಾರ್ಡ್ ಹಾಕಿ. ಒಳಗೆ ಏನಿದೆ ಅಂತ ಮಗುವಿಗೆ ಗೊತ್ತಿಲ್ಲ, ಕುತೂಹಲ ಹಾಗೇ ಇರುತ್ತದೆ. ಪೊಟ್ಟಣದ ಕಾಗದ ರದ್ದಿಗೆ ಬರುತ್ತದೆ.

ವಿದ್ಯಾನಗರದ ಹುಡುಗರು ಈಗ ಹೀಗೇ ಮಾಡುತ್ತಿದ್ದಾರೆ. ಮ್ಯಾಜಿಕ್ ಆಡುವ ದೊಡ್ಡವರು ಇದನ್ನೇ ಇನ್ನೂ ಅಚ್ಚುಕಟ್ಟಾಗಿ ಮಾಡುತ್ತಾರೆ. ತಾವೇ ಆರಿಸಿದ ನೂರಾರು ಕಾರ್ಡ್‌ಗಳ ಒಂದು ಕಟ್ಟು ಇಟ್ಟುಕೊಂಡು, ಪ್ರತಿ ಸಲ ಕಲಸಿ, ಪ್ಯಾಕಿನಷ್ಟು ಪಾಲು ಮಾಡಿ ಹಂಚಿಕೊಂಡು ಆಡುತ್ತಾರೆ. ಕ್ಯೂಬ್ ಅನ್ನುತ್ತಾರೆ. ಆಟ ಮುಗಿದರೆ ಕಾರ್ಡ್‌ಗಳು ವಾಪಸ್ ಕಟ್ಟಿಗೆ. ಎಷ್ಟು ಸಂಜೆ ಆಡಿದರೂ ಒಂದು ಕವರ್ ಹುಟ್ಟುವುದಿಲ್ಲ.

ಅಂಗಡಿಯವರು ಪದೇ ಪದೇ ಕೇಳುವುದಕ್ಕೂ ಉತ್ತರ ಕೊಡಬೇಕು: ಈ ಕವರ್ ನಿಷೇಧವೇ? 2022ರ ಜುಲೈ 1ರಿಂದ ನಿಷೇಧವಾದ ಒಮ್ಮೆ ಬಳಸುವ ಪ್ಲಾಸ್ಟಿಕ್‌ಗಳ ಪಟ್ಟಿಯಲ್ಲಿ ಸ್ವೀಟ್ ಬಾಕ್ಸಿಗೆ, ಆಹ್ವಾನ ಪತ್ರಿಕೆಗೆ, ಸಿಗರೇಟ್ ಪ್ಯಾಕಿಗೆ ಸುತ್ತುವ ಫಿಲ್ಮ್ ಇದೆ. ಕಾರ್ಡ್ ಪ್ಯಾಕಿನ ಹೆಸರಿಲ್ಲ. ಬಹುಪದರದ ಪ್ಲಾಸ್ಟಿಕ್‌ನ ಹೊಣೆಯನ್ನು ನಿಯಮಗಳು ತಯಾರಕರು, ಆಮದು ಮಾಡುವವರು, ಬ್ರ್ಯಾಂಡಿನವರ ಮೇಲೆ ಹೊರಿಸಿವೆ. ನೀವೇ ನೇರ ವಿದೇಶದಿಂದ ತರಿಸುವವರಾದರೆ ತಿಳಿದವರನ್ನು ಕೇಳಿ ಮುಂದುವರಿಯಿರಿ. ನಾನು ಕಾನೂನಿನವನಲ್ಲ.

ಈಗಾಗಲೇ ಕೂಡಿಟ್ಟಿರುವ ಕವರ್‌ಗಳನ್ನು ಏನು ಮಾಡೋದು ಅನ್ನುವವರು ಹೀಗೆ ಮಾಡಿ. ತೊಳೆಯಬೇಡಿ. ಚಿಲ್ಲರೆಯಾಗಿ ಹಾರಾಡದಂತೆ ಎಲ್ಲವನ್ನೂ ಒಂದು ದೊಡ್ಡ ಚಿಪ್ಸ್ ಪ್ಯಾಕೆಟ್ಟಿನಲ್ಲಿ ತುರುಕಿ, ಪಾಲಿಕೆಯ ಕಸದ ಗಾಡಿಗೆ ಒಣ ಕಸದ ಜೊತೆ ಕೊಡಿ. ಹಸಿ ಕಸಕ್ಕೆ ಮಾತ್ರ ಹಾಕಬೇಡಿ, ಗೊಬ್ಬರ ಕೆಡುತ್ತದೆ. ನಮ್ಮ ಘಟಕಕ್ಕೆ ಬೂಸ್ಟರ್ ಬಾಕ್ಸಿನ ರಟ್ಟು ತನ್ನಿ. ಸುತ್ತಿದ ಫಿಲ್ಮ್ ಕಿತ್ತು, ಚಪ್ಪಟೆ ಮಾಡಿ, ಮಳೆಗೆ ನೆನೆಯದಂತೆ ಕಟ್ಟಿ ತಂದರೆ ಆ ದಿನದ ರೇಟಿಗೆ ತೂಕ ಹಾಕಿ ದುಡ್ಡು ಕೊಡುತ್ತೇನೆ.