ಕಾರ್ಬನ್ ಪ್ರತಿಗಳ ಹಿಂದಿನ ಕೈಗಳು: ಸೋವಿಯತ್ ಮಾನವ ಹಕ್ಕು ಜಾಲದ ಬಗ್ಗೆ ಟಿಪ್ಪಣಿ

ಸೋವಿಯತ್ ಒಕ್ಕೂಟದ ಮಾನವ ಹಕ್ಕು ಚಳವಳಿ ಅಂದ ಕೂಡಲೇ ಪರೀಕ್ಷೆಯಲ್ಲಿ ನಾವೆಲ್ಲ ಒಂದೇ ಹೆಸರು ಬರೆಯುತ್ತೇವೆ: ಭೌತವಿಜ್ಞಾನಿ ಆಂದ್ರೇ ಸಖರೋವ್. 1975ರ ನೊಬೆಲ್ ಶಾಂತಿ ಪ್ರಶಸ್ತಿ, ಗೋರ್ಕಿ ನಗರಕ್ಕೆ ಗಡೀಪಾರು, ಮುಗೀತು. ಉತ್ತರ ತಪ್ಪಲ್ಲ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಮಾಸ್ಕೋದಿಂದ ಸಾವಿರಾರು ಕಿಲೋಮೀಟರ್ ದೂರದ ಯಾವುದೋ ಬಲವಂತದ ದುಡಿಮೆಯ ಶಿಬಿರದಲ್ಲಿ ಒಬ್ಬ ಕೈದಿಗೆ ಊಟ ಕಡಿಮೆ ಮಾಡಿದರು ಅನ್ನೋದು ಸಖರೋವ್‌ಗೆ ಹೇಗೆ ಗೊತ್ತಾಗುತ್ತಿತ್ತು? ಲಂಡನ್ನಿನಲ್ಲಿದ್ದ ಮಾನವ ಹಕ್ಕು ಸಂಸ್ಥೆ ಅಮ್ನೆಸ್ಟಿಯ ಕಚೇರಿಗೆ ಹೇಗೆ ಮುಟ್ಟುತ್ತಿತ್ತು? ಆ ಸುದ್ದಿ ಮುಟ್ಟಿಸಿದ ಒಂದು ಭೂಗತ ಪತ್ರಿಕೆ ಮತ್ತು ಅದರ ಹಿಂದಿದ್ದವರ ಬಗ್ಗೆ ಈ ಟಿಪ್ಪಣಿ. ಟೈಪ್ ಮಾಡಿದವರು, ಸುದ್ದಿ ತಾಳೆ ನೋಡಿದವರು, ಹಾಳೆ ಚೀಲದಲ್ಲಿಟ್ಟುಕೊಂಡು ಊರಿಂದ ಊರಿಗೆ ಒಯ್ದವರು. ನನ್ನ ಪ್ರಕಾರ ಆ ಜಾಲದ ಬಲ ಭಾಷಣದಲ್ಲಿ ಇರಲಿಲ್ಲ, ಗುಮಾಸ್ತಿಕೆಯ ಶಿಸ್ತಿನಲ್ಲಿತ್ತು.

ಪತ್ರಿಕೆ ಯಾವುದು?

ಹೆಸರು ‘ಪ್ರಚಲಿತ ಘಟನೆಗಳ ವೃತ್ತಾಂತ’. ರಷ್ಯನ್ನಿನಲ್ಲಿ ಚಿಕ್ಕದಾಗಿ ‘ಖ್ರೋನಿಕಾ’ ಅನ್ನುತ್ತಿದ್ದರು, ನಾವೂ ಹಾಗೇ ಅನ್ನೋಣ. ಮೊದಲ ಸಂಚಿಕೆಯ ದಿನಾಂಕ 30 ಏಪ್ರಿಲ್ 1968. ಸಾರ್ವತ್ರಿಕ ಮಾನವ ಹಕ್ಕುಗಳ ಘೋಷಣೆಗೆ 20 ವರ್ಷ ತುಂಬಿದ್ದಕ್ಕೆ ವಿಶ್ವಸಂಸ್ಥೆ ಆ ವರ್ಷವನ್ನು ಮಾನವ ಹಕ್ಕುಗಳ ವರ್ಷ ಅಂತ ಸಾರಿತ್ತು. ಮಾಸ್ಕೋದ ಕೆಲವರು ಆ ಮಾತನ್ನು ನಿಜವೆಂದೇ ತೆಗೆದುಕೊಂಡರು. ಮುಖಪುಟದಲ್ಲಿ ಘೋಷಣೆಯ 19ನೇ ವಿಧಿ, ಅಂದರೆ ಅಭಿಪ್ರಾಯ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯದ ವಿಧಿಯನ್ನು ಟೈಪ್ ಮಾಡಿದರು. ಮುಂದಿನ ಸಂಚಿಕೆಗಳಲ್ಲೂ ಅದು ಉಳಿಯಿತು.

ಮೊದಲ ಸಂಚಿಕೆಯನ್ನು ಸಿದ್ಧಪಡಿಸಿ ಟೈಪ್ ಮಾಡಿದವರು ಕವಯಿತ್ರಿ ನತಾಲ್ಯಾ ಗೊರ್ಬನೆವ್‌ಸ್ಕಾಯಾ. ಆಗ ಅವರು ತುಂಬು ಗರ್ಭಿಣಿ. ಅದೇ ವರ್ಷ ಆಗಸ್ಟ್ 25ರಂದು, ಜೆಕೊಸ್ಲೊವಾಕಿಯಾಕ್ಕೆ ಸೋವಿಯತ್ ಸೈನ್ಯ ನುಗ್ಗಿದ್ದನ್ನು ವಿರೋಧಿಸಿ ಎಂಟು ಜನ ಕೆಂಪು ಚೌಕದಲ್ಲಿ ಕೂತರಲ್ವಾ, ಅವರಲ್ಲಿ ಇವರೂ ಒಬ್ಬರು. ಮೂರು ತಿಂಗಳ ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡೇ ಬಂದಿದ್ದರು.

ಮೊದಲ ಸಂಚಿಕೆಯ ಮುಖ್ಯ ಸುದ್ದಿಯನ್ನು ಗಮನಿಸಿ. 1968ರ ಜನವರಿಯಲ್ಲಿ ಮಾಸ್ಕೋದಲ್ಲಿ, ಸೆನ್ಸಾರ್ ತಪ್ಪಿಸಿ ಬರಹ ಹಂಚಿದವರ ಮೇಲೆ, ‘ನಾಲ್ವರ ವಿಚಾರಣೆ’ ನಡೆದಿತ್ತು. ಅಲೆಕ್ಸಾಂಡರ್ ಗಿಂಜ್‌ಬರ್ಗ್‌ಗೆ 5 ವರ್ಷ, ಯೂರಿ ಗಲಾನ್‌ಸ್ಕೊವ್‌ಗೆ 7 ವರ್ಷ. ಗಲಾನ್‌ಸ್ಕೊವ್ 1972ರಲ್ಲಿ ಶಿಬಿರದಲ್ಲೇ ತೀರಿಕೊಂಡರು. ನಾಲ್ವರಲ್ಲಿ ವೆರಾ ಲಾಶ್ಕೊವಾ ಅನ್ನೋ ಯುವತಿಯೂ ಇದ್ದಳು. ಆಕೆ ಮಾಡಿದ್ದು ಏನು? ಅವರ ಹಸ್ತಪ್ರತಿಗಳನ್ನು ಟೈಪ್ ಮಾಡಿಕೊಟ್ಟಿದ್ದು. ಅದಕ್ಕೆ ಒಂದು ವರ್ಷದ ಶಿಕ್ಷೆ. ತೆರೆಯ ಹಿಂದೆ ಇದ್ದವರಿಗೆ ಅಪಾಯ ಕಡಿಮೆ ಅಂತ ಯಾರಾದರೂ ಅಂದರೆ ಈ ಪ್ರಕರಣ ತೋರಿಸಿ.

ಒಂದು ಸಂಚಿಕೆ ಹೇಗೆ ತಯಾರಾಗುತ್ತಿತ್ತು?

ಸೋವಿಯತ್ ಒಕ್ಕೂಟದಲ್ಲಿ ಮುದ್ರಣಾಲಯ, ನಕಲು ಯಂತ್ರ ಎಲ್ಲವೂ ಸರ್ಕಾರದ ಬೀಗದೊಳಗೆ. ನಮ್ಮಲ್ಲಿ ತುರ್ತು ಪರಿಸ್ಥಿತಿಯಲ್ಲಿ ಸೈಕ್ಲೋಸ್ಟೈಲ್ ಮಾಡಿ ಹಂಚಿದ ಕರಪತ್ರಗಳ ಬಗ್ಗೆ ಓದಿರುತ್ತೀರಿ. ಅಲ್ಲಿ ಅಷ್ಟೂ ಅನುಕೂಲ ಇರಲಿಲ್ಲ. ಸಾಮಾನ್ಯರ ಕೈಗೆ ಸಿಗುತ್ತಿದ್ದದ್ದು ಟೈಪ್‌ರೈಟರ್ ಒಂದೇ. ಹಾಗಾಗಿ ಸಾಮಿಜ್ದಾತ್, ಅಂದರೆ ಸೆನ್ಸಾರ್ ಕಣ್ಣು ತಪ್ಪಿಸಿ ಜನ ತಾವೇ ನಕಲು ಮಾಡಿ ಹಂಚುತ್ತಿದ್ದ ಸಾಹಿತ್ಯ, ಬಹುಮಟ್ಟಿಗೆ ಟೈಪಿಂಗ್.

ಸೀನಿಯರ್ ಟೈಪಿಂಗ್ ಕಟ್ಟಿದವರಿಗೆ ಇದರ ಕಷ್ಟ ಬೇಗ ಅರ್ಥವಾಗುತ್ತದೆ. ತೆಳ್ಳನೆ ಹಾಳೆ, ಅದರ ಕೆಳಗೆ ಕಾರ್ಬನ್, ಮತ್ತೆ ಹಾಳೆ, ಮತ್ತೆ ಕಾರ್ಬನ್. ಈ ಕಟ್ಟನ್ನು ರೋಲರ್‌ಗೆ ಸೇರಿಸಿ ಕೀಲಿಗಳನ್ನು ಜೋರಾಗಿ ಕುಟ್ಟಬೇಕು, ಇಲ್ಲದಿದ್ದರೆ ಕೊನೆಯ ಹಾಳೆಗೆ ಅಕ್ಷರ ಮೂಡಲ್ಲ. ಒಂದು ಅಕ್ಷರ ತಪ್ಪಿದರೆ ಪ್ರತಿಯೊಂದು ಹಾಳೆಯಲ್ಲೂ ಬೇರೆಬೇರೆಯಾಗಿ ತಿದ್ದಬೇಕು. ಕೆಳಗಿನ ಪ್ರತಿ ಓದೋಕೆ ಕಣ್ಣು ಕಿರಿದು ಮಾಡಬೇಕು. ಕುಟ್ಟುವ ಸದ್ದು ಪಕ್ಕದ ಮನೆಗೆ ಕೇಳಿಸುತ್ತದೆ, ಅದು ಬೇರೆ ತಲೆನೋವು. ಮನೆ ಶೋಧನೆಗೆ ಬಂದವರು ಟೈಪ್‌ರೈಟರನ್ನೇ ಹೊತ್ತೊಯ್ಯುವುದು ಮಾಮೂಲಾಗಿತ್ತು. ಒಂದೊಂದು ಯಂತ್ರದ ಅಕ್ಷರಕ್ಕೂ ತನ್ನದೇ ಸವಕಲು, ಓರೆ ಇರುತ್ತದೆ. ಅದನ್ನು ಹೋಲಿಸಿ ಯಾವ ಹಾಳೆ ಯಾವ ಯಂತ್ರದ್ದು ಅಂತ ಪತ್ತೆ ಹಚ್ಚಬಹುದು.

ಮೊದಲ ಕಟ್ಟಿನ ಪ್ರತಿಗಳು ನಂಬಿಕಸ್ತರ ಕೈಗೆ ಹೋಗುತ್ತಿದ್ದವು. ಅವರು ಕೂತು ಮತ್ತೆ ಟೈಪ್ ಮಾಡುತ್ತಿದ್ದರು. ಅವರಿಂದ ತೆಗೆದುಕೊಂಡವರು ಮತ್ತೆ. ಒಟ್ಟು ಎಷ್ಟು ಪ್ರತಿ ಆಯಿತು ಅನ್ನೋ ಲೆಕ್ಕ ಸಂಪಾದಕರ ಬಳಿಯೂ ಇರುವ ಹಾಗಿರಲಿಲ್ಲ.

ಹಂಚಿಕೆಗಿಂತ ಸುದ್ದಿ ಬರುವ ದಾರಿ ಇನ್ನೂ ಸ್ವಾರಸ್ಯ. 1968ರ ಕೊನೆಯಲ್ಲಿ ಬಂದ 5ನೇ ಸಂಚಿಕೆಯಲ್ಲಿ ಓದುಗರಿಗೆ ಒಂದು ಸೂಚನೆ ಇದೆ. ಅದರ ಸಾರ ಇಷ್ಟು: ನಿಮ್ಮ ಬಳಿ ಸುದ್ದಿ ಇದ್ದರೆ, ಖ್ರೋನಿಕಾವನ್ನು ನಿಮಗೆ ಕೊಟ್ಟವರಿಗೆ ಹೇಳಿ. ಅವರು ತಮಗೆ ಕೊಟ್ಟವರಿಗೆ ಹೇಳುತ್ತಾರೆ. ಆದರೆ ಇಡೀ ಸರಪಳಿಯನ್ನು ನೀವೇ ಹಿಂಬಾಲಿಸಿಕೊಂಡು ಹೋಗಬೇಡಿ, ನಿಮ್ಮನ್ನು ಪೊಲೀಸ್ ಮಾಹಿತಿದಾರ ಅಂದುಕೊಳ್ಳುತ್ತಾರೆ!

ಈ ಸೂಚನೆಯನ್ನು ಎರಡು ಸಲ ಓದಿ. ಪತ್ರಿಕೆ ಇಳಿದು ಹೋದ ದಾರಿಯಲ್ಲೇ ಸುದ್ದಿ ಹತ್ತಿ ಬರುತ್ತದೆ. ಯಾರಿಗೂ ತನ್ನ ಹಿಂದಿನವರು, ಮುಂದಿನವರು ಬಿಟ್ಟರೆ ಬೇರೆ ಯಾರೂ ಗೊತ್ತಿರಬೇಕಿಲ್ಲ. ಒಬ್ಬರು ಸಿಕ್ಕಿಬಿದ್ದರೆ ಎರಡು ಕೊಂಡಿ ಹೋಗುತ್ತದೆ, ಸರಪಳಿ ಉಳಿಯುತ್ತದೆ. ‘ಜಾಲ’ದ ವ್ಯಾಖ್ಯಾನ ಬರೆಯಲು ಕೇಳಿದರೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಮೊರ್ದೋವಿಯಾ ಮತ್ತು ಪೆರ್ಮ್ ಶಿಬಿರಗಳಿಂದ ಸುದ್ದಿ ತರೋದು ಎಲ್ಲಕ್ಕಿಂತ ಕಷ್ಟ. ಕೈದಿಗಳು ತೆಳು ಕಾಗದದ ಮೇಲೆ ಇರುವೆ ಗಾತ್ರದ ಅಕ್ಷರದಲ್ಲಿ ಬರೆದು, ಸುರುಳಿ ಸುತ್ತಿ, ಪ್ಲಾಸ್ಟಿಕ್‌ನಲ್ಲಿ ಮುಚ್ಚುತ್ತಿದ್ದರು. ಭೇಟಿಗೆ ಬಂದ ಹೆಂಡತಿಯೋ ತಾಯಿಯೋ ಅದನ್ನು ನುಂಗಿಕೊಂಡು ಹೊರಗೆ ತಂದದ್ದೂ ಉಂಟು. ಮಾಸ್ಕೋದಲ್ಲಿ ಯಾರೋ ಭೂತಗನ್ನಡಿ ಹಿಡಿದು ಅದನ್ನು ಬಿಡಿಸಿ ಓದಬೇಕು. ನುಂಗಿದವರ ಹೆಸರಾಗಲಿ, ಬಿಡಿಸಿದವರ ಹೆಸರಾಗಲಿ ಪತ್ರಿಕೆಯಲ್ಲಿ ಬರುವ ಪ್ರಶ್ನೆಯೇ ಇಲ್ಲ.

ಬೈಗುಳ ಇಲ್ಲ, ವಿಶೇಷಣ ಇಲ್ಲ

ಒಂದು ಸಂಚಿಕೆ ಓದಿದರೆ ಮೊದಲು ಬೇಜಾರಾಗುತ್ತದೆ. ಅಷ್ಟು ಒಣ ಬರಹ. ಯಾರು, ಯಾವ ದಿನ, ಯಾವ ಊರು, ಯಾವ ಕಲಮು, ಎಷ್ಟು ವರ್ಷ. ಬಂಧನ ಮತ್ತು ಶೋಧನೆ, ಸೆರೆಮನೆ ಮತ್ತು ಶಿಬಿರ, ಕೋರ್ಟಿಗೆ ಹೋಗದೆ ಕೊಟ್ಟ ಕಿರುಕುಳ, ಚುಟುಕು ಸುದ್ದಿ, ಹೀಗೆ ವಿಭಾಗಗಳು. ‘ಕ್ರೂರ’, ‘ಅಮಾನುಷ’ ಇಂಥ ಮಾತು ಹುಡುಕಿದರೂ ಸಿಗೋದು ಕಷ್ಟ.

ಇದು ಬರೀ ಶೈಲಿಯ ಮಾತಲ್ಲ. ಕಾನೂನು ನೋಡಿ. ರಷ್ಯನ್ ಗಣರಾಜ್ಯದ ದಂಡಸಂಹಿತೆಯ 70ನೇ ವಿಧಿ ‘ಸೋವಿಯತ್ ವಿರೋಧಿ ಪ್ರಚಾರ’ಕ್ಕೆ 7 ವರ್ಷ ಶಿಬಿರ, ಮೇಲೆ 5 ವರ್ಷ ಗಡೀಪಾರು ಕೊಡಬಹುದಿತ್ತು. 1966ರಲ್ಲಿ ಸೇರಿಸಿದ 190-1ನೇ ವಿಧಿ, ರಾಜ್ಯವನ್ನು ಅವಹೇಳನ ಮಾಡುವ ‘ಗೊತ್ತಿದ್ದೂ ಹೇಳಿದ ಸುಳ್ಳಿ’ಗೆ 3 ವರ್ಷ. ‘ಗೊತ್ತಿದ್ದೂ ಹೇಳಿದ ಸುಳ್ಳು’ ಅನ್ನೋ ಜಾಗಕ್ಕೆ ಅಡಿಗೆರೆ ಹಾಕಿಕೊಳ್ಳಿ. ಸುದ್ದಿ ನಿಜವಾಗಿದ್ದರೆ, ತಪ್ಪಿದ್ದನ್ನು ತಾವೇ ತಿದ್ದಿಕೊಳ್ಳುತ್ತಿದ್ದರೆ, ಈ ಆರೋಪ ಕಾನೂನಿನ ಮಾತಿನಲ್ಲಿ ನಿಲ್ಲಬಾರದು. ಕೋರ್ಟು ಅದನ್ನು ಕೇಳಲಿಲ್ಲ, ಅದು ಬೇರೆ ಮಾತು. ಆದರೆ ಖ್ರೋನಿಕಾದವರು ಹಟ ಬಿಡಲಿಲ್ಲ.

ಹಾಗಾಗಿ ನನಗೆ ತುಂಬ ಇಷ್ಟವಾದ ವಿಭಾಗ ಅಂದರೆ ‘ತಿದ್ದುಪಡಿ ಮತ್ತು ಸೇರ್ಪಡೆ’. ಹಿಂದಿನ ಸಂಚಿಕೆಯಲ್ಲಿ ತಂದೆಯ ಹೆಸರು ತಪ್ಪಾಗಿದೆ, ದಿನಾಂಕ ತಪ್ಪಾಗಿದೆ, ಇಂಥ ಸಾಲುಗಳು. ಕೈಯಿಂದ ಕೈಗೆ ಟೈಪ್ ಆಗುತ್ತಾ ಹೋಗುವ ಹಾಳೆಯಲ್ಲಿ ತಪ್ಪು ನುಸುಳದೆ ಇರಲ್ಲ. ಭೂಗತವಾಗಿ, ಜೈಲಿಗೆ ಹೋಗುವ ಭಯದಲ್ಲಿ ನಡೆಯುವ ಪತ್ರಿಕೆಯೊಂದು ಒಂದು ದಿನಾಂಕ ತಪ್ಪಿತು ಅಂತ ಪ್ರಕಟಣೆ ಹಾಕುತ್ತಿತ್ತು ಅಂದರೆ ಯೋಚಿಸಿ.

ಇದರ ಫಲ ಹೊರದೇಶದಲ್ಲಿ ಕಂಡಿತು. 1971ರಿಂದ, 16ನೇ ಸಂಚಿಕೆಯಿಂದ ಶುರುಮಾಡಿ, ಅಮ್ನೆಸ್ಟಿ ಇಂಟರ್‌ನ್ಯಾಷನಲ್ ಇದರ ಇಂಗ್ಲಿಷ್ ಅನುವಾದ ಪ್ರಕಟಿಸಿತು. ಯಾರು ಬರೆದರು ಅಂತಲೇ ಗೊತ್ತಿಲ್ಲದ ಪತ್ರಿಕೆಯನ್ನು ಅಂಥ ಸಂಸ್ಥೆ ನಂಬಬೇಕಾದರೆ ಬೇರೆ ಯಾವ ಆಧಾರ ಇತ್ತು? ಸುದ್ದಿ ಆಮೇಲೆ ವಿದೇಶಿ ರೇಡಿಯೋಗಳ ರಷ್ಯನ್ ಪ್ರಸಾರದಲ್ಲಿ ತಿರುಗಿ ಸೋವಿಯತ್ ಹಳ್ಳಿಗಳಿಗೇ ಬರುತ್ತಿತ್ತು. ಪಠ್ಯದಲ್ಲಿ ‘ಬೂಮರಾಂಗ್ ಮಾದರಿ’ ಅಂತ ಬರುತ್ತಲ್ಲ, ಒಳಗಿನವರು ಹೊರಗಿನವರ ಮೂಲಕ ತಮ್ಮ ಸರ್ಕಾರದ ಮೇಲೆ ಒತ್ತಡ ತರುವುದು, ಅದನ್ನು ಇಲ್ಲಿ ಜೋಡಿಸಿಕೊಳ್ಳಿ.

1972ರ ಧರ್ಮಸಂಕಟ

ಇಲ್ಲಿ ಸ್ವಲ್ಪ ನಿಲ್ಲೋಣ. ಹೆಚ್ಚಿನ ಟಿಪ್ಪಣಿಗಳು ಈ ಭಾಗವನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ.

1972ರಲ್ಲಿ ಚಳವಳಿಯ ಪ್ರಮುಖರಾದ ಪ್ಯೋತರ್ ಯಾಕಿರ್, ವಿಕ್ತರ್ ಕ್ರಾಸಿನ್ ಇಬ್ಬರನ್ನೂ ಹಿಡಿದರು. ಇಬ್ಬರೂ ವಿಚಾರಣೆಯಲ್ಲಿ ಕುಸಿದರು, ಬೇರೆಯವರ ವಿರುದ್ಧ ಹೇಳಿಕೆ ಕೊಟ್ಟರು, ಮರುವರ್ಷ ಪತ್ರಕರ್ತರ ಮುಂದೆ ಪಶ್ಚಾತ್ತಾಪವನ್ನೂ ಓದಿದರು. ಅದೇ ಹೊತ್ತಿಗೆ ಸೋವಿಯತ್ ಗುಪ್ತಚರ ಪೊಲೀಸ್ ಕೆಜಿಬಿ ಒಂದು ಮಾತು ಮುಟ್ಟಿಸಿತು: ಇನ್ನು ಮುಂದೆ ಒಂದೊಂದು ಸಂಚಿಕೆ ಬಂದಾಗಲೂ ಜನರನ್ನು ಹಿಡಿಯುತ್ತೇವೆ, ಅವರಿಗೆ ಅದರಲ್ಲಿ ಕೈ ಇರಲೇಬೇಕು ಅಂತೇನಿಲ್ಲ.

ಇದು ಹೊಸ ಬಗೆಯ ಪೆಟ್ಟು. ತಾನು ಜೈಲಿಗೆ ಹೋಗಲು ತಯಾರಿರುವವರು ಇದ್ದರು. ತಾನು ಟೈಪ್ ಮಾಡಿದ್ದಕ್ಕೆ ಇನ್ನೊಬ್ಬ ಜೈಲಿಗೆ ಹೋಗುವುದನ್ನು ನೋಡುವುದು ಹೇಗೆ? 27ನೇ ಸಂಚಿಕೆಯ ನಂತರ ಖ್ರೋನಿಕಾ ನಿಂತುಹೋಯಿತು. 1972ರ ಅಕ್ಟೋಬರ್‌ನಿಂದ 1974ರ ಮೇ ತನಕ, ಸುಮಾರು ಒಂದೂವರೆ ವರ್ಷ.

7 ಮೇ 1974ರಂದು ಮೂವರು ಮುಂದೆ ಬಂದರು. ಜೀವವಿಜ್ಞಾನಿ ಸೆರ್ಗೆಯ್ ಕೊವಲ್ಯೊವ್, ಗಣಿತಜ್ಞೆ ತತ್ಯಾನಾ ವೆಲಿಕನೊವಾ, ಭಾಷಾವಿಜ್ಞಾನಿ ತತ್ಯಾನಾ ಖೊದೊರೊವಿಚ್. ತಡೆದಿಟ್ಟಿದ್ದ ಸಂಚಿಕೆಗಳನ್ನು ವಿದೇಶಿ ಪತ್ರಕರ್ತರ ಕೈಗಿಟ್ಟು, ತಮ್ಮ ಹೆಸರಿನಲ್ಲೇ ಹೇಳಿಕೆ ಕೊಟ್ಟರು: ಖ್ರೋನಿಕಾ ಕಾನೂನುಬಾಹಿರವೂ ಅಲ್ಲ, ಸುಳ್ಳಿನ ಕಂತೆಯೂ ಅಲ್ಲ, ಅದನ್ನು ಹಂಚುವುದು ನಮ್ಮ ಕರ್ತವ್ಯ. ಜಾಣತನ ನೋಡಿ. ‘ನಾವು ಸಂಪಾದಕರು’ ಅನ್ನಲಿಲ್ಲ. ‘ಹಂಚುತ್ತೇವೆ’ ಅಂದರು. ಒಳಗೆ ಕೆಲಸ ಮಾಡುವವರ ಹೆಸರು ಒಳಗೇ ಉಳಿಯಿತು. ಹಿಡಿಯುವುದಾದರೆ ನಮ್ಮನ್ನು ಹಿಡಿಯಿರಿ ಅನ್ನೋ ಅರ್ಥ ಸ್ಪಷ್ಟವಾಗಿತ್ತು.

ಹಿಡಿದರು. ಕೊವಲ್ಯೊವ್ ಅದೇ ಡಿಸೆಂಬರ್‌ನಲ್ಲಿ ಬಂಧನಕ್ಕೊಳಗಾದರು. ಒಂದು ವರ್ಷದ ನಂತರ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ವಿಚಾರಣೆ ನಡೆದು 7 ವರ್ಷ ಶಿಬಿರ, 3 ವರ್ಷ ಗಡೀಪಾರು ಆಯಿತು. ವಿಚಾರಣೆ ನಡೆಯುತ್ತಿದ್ದ 10 ಡಿಸೆಂಬರ್ 1975 ಮಾನವ ಹಕ್ಕುಗಳ ದಿನ. ಓಸ್ಲೋದಲ್ಲಿ ಸಖರೋವ್ ಪರವಾಗಿ ಹೆಂಡತಿ ಯೆಲೆನಾ ಬೊನ್ನೆರ್ ನೊಬೆಲ್ ಪ್ರಶಸ್ತಿ ಪಡೆಯುತ್ತಿದ್ದರು. ಸಖರೋವ್‌ರನ್ನು ದೇಶ ಬಿಟ್ಟು ಹೋಗಲು ಬಿಟ್ಟಿರಲಿಲ್ಲ. ಅವರು ಆ ದಿನ ಇದ್ದದ್ದು ವಿಲ್ನಿಯಸ್ ಕೋರ್ಟಿನ ಬಾಗಿಲ ಹೊರಗೆ. ತೆರೆಯ ಮುಂದಿನವರು, ಹಿಂದಿನವರು ಅಂತ ನಾವು ಗೆರೆ ಎಳೆಯುತ್ತೇವೆ, ಅವರಿಗೆ ಆ ಗೆರೆ ಇದ್ದಂತೆ ಕಾಣಲ್ಲ.

ವೆಲಿಕನೊವಾ, ಮತ್ತು ಲಿಥುವೇನಿಯಾದ ಒಬ್ಬ ಸನ್ಯಾಸಿನಿ

ಕೊವಲ್ಯೊವ್ ಹೋದ ಮೇಲೂ ಪತ್ರಿಕೆ ನಿಲ್ಲಲಿಲ್ಲ. ಅದನ್ನು ಎಳೆದವರಲ್ಲಿ ವೆಲಿಕನೊವಾ ಮುಖ್ಯರು. ಅವರ ಬಗ್ಗೆ ಬರೆಯಲು ಜಾಸ್ತಿ ಸಿಗಲ್ಲ, ಅದಕ್ಕೆ ಅವರ ಸ್ವಭಾವವೇ ಕಾರಣ. 1979ರ ನವೆಂಬರ್ 1ರಂದು ಬಂಧನ. ಮರುವರ್ಷದ ವಿಚಾರಣೆಯಲ್ಲಿ ಭಾಗವಹಿಸಲು ಒಪ್ಪಲಿಲ್ಲ. 4 ವರ್ಷ ಶಿಬಿರ, 5 ವರ್ಷ ಗಡೀಪಾರು. 1987ರಲ್ಲಿ ಗೋರ್ಬಚೆವ್ ಕಾಲದಲ್ಲಿ ಕ್ಷಮಾದಾನದ ಮಾತು ಬಂದಾಗ ಬೇಡ ಅಂದು ಗಡೀಪಾರಿನಲ್ಲೇ ಉಳಿದರು. ತಪ್ಪು ಮಾಡದವರಿಗೆ ಕ್ಷಮೆ ಯಾಕೆ ಅನ್ನೋ ತರ್ಕ. ಹಿಂದಿರುಗಿ ಮಾಸ್ಕೋದ ಶಾಲೆಯಲ್ಲಿ ಗಣಿತ ಹೇಳಿಕೊಟ್ಟರು.

ಇನ್ನು ಲಿಥುವೇನಿಯಾ. 1972ರಲ್ಲಿ ಅಲ್ಲಿ ಕ್ಯಾಥೊಲಿಕ್ ಚರ್ಚಿನದೇ ಒಂದು ವೃತ್ತಾಂತ ಶುರುವಾಯಿತು, ಮಾಸ್ಕೋದ ಖ್ರೋನಿಕಾ ನೋಡಿಕೊಂಡೇ. ಅದರ 11ನೇ ಸಂಚಿಕೆಯನ್ನು ಟೈಪ್ ಮಾಡುತ್ತಿದ್ದಾಗಲೇ, 1974ರ ಆಗಸ್ಟ್‌ನಲ್ಲಿ, ನಿಯೋಲೆ ಸಾದೂನೈತೆ ಅನ್ನೋ ಸನ್ಯಾಸಿನಿ ಸಿಕ್ಕಿಬಿದ್ದರು. 3 ವರ್ಷ ಶಿಬಿರ, 3 ವರ್ಷ ಗಡೀಪಾರು. ಪತ್ರಿಕೆ ಮಾತ್ರ 1989ರ ತನಕ, 81 ಸಂಚಿಕೆ ನಡೆಯಿತು. ಹೋಲಿಕೆಯ ಪ್ರಶ್ನೆ ಬಂದರೆ ಇದು ಕೈಗೆ ಬರುತ್ತದೆ. ಮಾಸ್ಕೋದ್ದು ಬುದ್ಧಿಜೀವಿಗಳ ಬಳಗ, ಇದಕ್ಕೆ ಊರೂರಿನ ಚರ್ಚು ಬೆನ್ನಿಗಿತ್ತು.

ಪರೀಕ್ಷೆಗೆ

10 ಅಂಕದ ಉತ್ತರದಲ್ಲಿ ಹೆಸರುಗಳ ಪಟ್ಟಿ ಕೊಟ್ಟು ಸುಮ್ನೆ ಬಿಡಬೇಡಿ. 5ನೇ ಸಂಚಿಕೆಯ ಸರಪಳಿ, 190-1ನೇ ವಿಧಿ ಮತ್ತು ತಿದ್ದುಪಡಿ ವಿಭಾಗದ ಸಂಬಂಧ, 1974ರ ಹೇಳಿಕೆ, ಈ ಮೂರನ್ನು ವಿವರಿಸಿದರೆ ಸಾಕು. ‘ಖ್ರೋನಿಕಾ ವಿರೋಧ ಪಕ್ಷದ ಪತ್ರಿಕೆ’ ಅಂತ ಮಾತ್ರ ಬರೆಯಬೇಡಿ. ಅದು ಸರ್ಕಾರ ಉರುಳಿಸಿ ಅಂತ ಕರೆ ಕೊಟ್ಟಿದ್ದಲ್ಲ, ಸೋವಿಯತ್ ಸಂವಿಧಾನ ಮತ್ತು ಸೋವಿಯತ್ ಕಾನೂನನ್ನೇ ಪಾಲಿಸಿ ಅಂತ ಕೇಳಿದ್ದು.

ಹೊರಬಂದ ಕೊನೆಯ ಸಂಚಿಕೆ 64ನೆಯದು, 1982ರ ಜೂನ್ 30ರ ದಿನಾಂಕ ಇರುವುದು. ಅದನ್ನು ನೋಡಿಕೊಳ್ಳುತ್ತಿದ್ದ ಗಣಿತಜ್ಞ ಯೂರಿ ಶಿಖಾನೊವಿಚ್ 1983ರ ನವೆಂಬರ್‌ನಲ್ಲಿ ಬಂಧನಕ್ಕೊಳಗಾದರು, ಪತ್ರಿಕೆ ಅಲ್ಲಿಗೆ ನಿಂತಿತು. 1980ರ ದಶಕದ ಕೊನೆಗೆ ಹುಟ್ಟಿದ ‘ಮೆಮೋರಿಯಲ್’ ಸಂಸ್ಥೆ ಈ ಹಾಳೆಗಳನ್ನೆಲ್ಲ ಕೂಡಿಸಿ ಕಾಪಾಡಿತು. 28 ಡಿಸೆಂಬರ್ 2021ರಂದು ರಷ್ಯಾದ ಸುಪ್ರೀಂ ಕೋರ್ಟು ಆ ಸಂಸ್ಥೆಯನ್ನೇ ಮುಚ್ಚಲು ಆದೇಶಿಸಿತು. 2022ರ ಶಾಂತಿ ನೊಬೆಲ್‌ನಲ್ಲಿ ಮೆಮೋರಿಯಲ್‌ಗೂ ಪಾಲು ಸಿಕ್ಕಿತು, ಅದು ಘೋಷಣೆಯಾದ ಅಕ್ಟೋಬರ್ 7ರಂದೇ ಮಾಸ್ಕೋದ ಕೋರ್ಟು ಅದರ ಕಚೇರಿಯನ್ನು ಸರ್ಕಾರಕ್ಕೆ ಒಪ್ಪಿಸಿತು. ‘ಇತ್ತೀಚಿನ ಬೆಳವಣಿಗೆ’ ಅಂತ ಕೇಳಿದರೆ ಈ ಎರಡು ದಿನಾಂಕ ಬರೆಯಿರಿ.