ತೂತೇ ತುಂಬಿರೋ ಸೆರಾಮಿಕ್, ರಿಯಾಕ್ಟರ್‌ನ ಬಿಸಿ ತಡೆಯುತ್ತೆ ಅಂತ ಹೆಂಗೆ ಗೊತ್ತಾಗುತ್ತೆ?

ಪ್ರಶ್ನೆ: ಸೆರಾಮಿಕ್ ಅಂದ್ರೇನೇ ಬೇಗ ಒಡೆಯೋ ವಸ್ತು, ಅದ್ರಲ್ಲೂ ಒಳಗೆಲ್ಲ ರಂಧ್ರ ಇರೋದನ್ನ ನ್ಯೂಕ್ಲಿಯರ್ ಸಂಶೋಧನೆಗೆ ಯಾಕೆ ತಗೋತಾರೆ? ಅದನ್ನ ಟೆಸ್ಟ್ ಮಾಡೋದು ಹೆಂಗೆ?

ಮೊದಲು ಒಂದು ಮಾತು, ಆ ರಂಧ್ರಗಳು ತಯಾರಿಕೇಲಿ ಆದ ತಪ್ಪಲ್ಲ, ಬೇಕು ಅಂತಾನೇ ಬಿಟ್ಟಿರೋದು. ಗಟ್ಟಿ ಅಲ್ಯುಮಿನಾಗೆ (ಅಲ್ಯುಮಿನಿಯಂ ಆಕ್ಸೈಡ್ ಸೆರಾಮಿಕ್) ಹೋಲಿಸಿದ್ರೆ ಅಲುಗದೆ ನಿಂತ ಗಾಳಿ ಶಾಖ ಸಾಗಿಸೋದು ಸುಮಾರು 1000 ಪಟ್ಟು ಕಮ್ಮಿ, ಹಂಗಾಗಿ ಒಳಗೆ ಸಣ್ಣ ಸಣ್ಣ ಖಾಲಿ ಜಾಗ ಇದ್ರೆ ಬಿಸಿ ಆಚೆ ದಾಟೋಕೆ ಒದ್ದಾಡುತ್ತೆ. ಇನ್ನೊಂದು ಕಾರಣ ಗ್ಯಾಸ್. ಯುರೇನಿಯಂ ಒಡೆದಾಗ ಕ್ರಿಪ್ಟಾನ್, ಕ್ಸೆನಾನ್ ಹುಟ್ಟುತ್ವೆ, ಅವಕ್ಕೆ ಎಲ್ಲಾದ್ರೂ ಜಾಗ ಬೇಕಲ್ವಾ, ಅದಕ್ಕೇ ಯುರೇನಿಯಂ ಡೈಆಕ್ಸೈಡ್ ಇಂಧನದ ಪೆಲೆಟ್‌ನ (ಸಣ್ಣ ಬಿಲ್ಲೆ) ಪೂರ್ತಿ ಗಟ್ಟಿ ಮಾಡದೆ ಸುಮಾರು 95% ಸಾಂದ್ರತೆಗೆ ನಿಲ್ಲಿಸ್ತಾರೆ.

ಇದಕ್ಕೆ ಬೆಲೆ ತೆರಬೇಕಾಗೋದು ಬಲದಲ್ಲಿ. 10% ರಂಧ್ರ ಬಂದ್ರೆ ಸಾಕು, ಎಷ್ಟೋ ಸೆರಾಮಿಕ್‌ಗಳ ಬಲ ಹೆಚ್ಚೂಕಮ್ಮಿ ಅರ್ಧಕ್ಕೆ ಇಳಿಯುತ್ತೆ. ಅದಕ್ಕೇ ಪರೀಕ್ಷೆ ಶುರುವಾಗೋದೇ ರಂಧ್ರ ಎಷ್ಟಿದೆ ಅಂತ ಅಳೆಯೋದ್ರಿಂದ. ಒಣಗಿದ ತುಂಡನ್ನ ತೂಗ್ತಾರೆ, ನೀರಲ್ಲಿ ಕುದಿಸಿ ರಂಧ್ರಕ್ಕೆಲ್ಲ ನೀರು ಇಳಿಯೋ ಹಂಗೆ ಮಾಡ್ತಾರೆ, ನೀರೊಳಗೇ ತೂಗುಹಾಕಿ ಒಂದ್ಸಲ, ಹೊರಗೆ ತೆಗೆದು ಮೇಲ್ಮೈ ಒರೆಸಿ ಇನ್ನೊಂದ್ಸಲ ತೂಗ್ತಾರೆ. ಈ ಮೂರು ತೂಕದಿಂದಾನೇ ಹೊರಗೆ ಬಾಯಿ ತೆರೆದಿರೋ ರಂಧ್ರ ಎಷ್ಟು ಅಂತ ಸಿಗುತ್ತೆ, ಆರ್ಕಿಮಿಡೀಸ್ ತತ್ವ ಇಷ್ಟು ಸರಳವಾಗಿ ಇಲ್ಲಿ ಕೆಲ್ಸಕ್ಕೆ ಬರೋದು ನಂಗಂತೂ ತುಂಬಾ ಇಷ್ಟ. ರಂಧ್ರದ ಸೈಜ್ ಬೇಕಂದ್ರೆ ಪಾದರಸವನ್ನ ಒತ್ತಡ ಹಾಕಿ ತೂರಿಸ್ತಾರೆ, ರಂಧ್ರ ಸಣ್ಣದಾದಷ್ಟೂ ಜಾಸ್ತಿ ಒತ್ತಡ ಬೇಕು.

ಶಾಖ ಹರಿಯೋದನ್ನ ನೋಡೋಕೆ ಲೇಸರ್ ಫ್ಲ್ಯಾಶ್ ಅಂತ ವಿಧಾನ ಇದೆ, ಇದರ ಮೂಲ ಫ್ಲ್ಯಾಶ್ ವಿಧಾನ 1961ರದ್ದು. ತೆಳ್ಳಗಿನ ಬಿಲ್ಲೆಯ ಒಂದು ಮುಖಕ್ಕೆ ಕ್ಷಣಮಾತ್ರ ಬೆಳಕು ಹೊಡೆದು ಇನ್ನೊಂದು ಮುಖ ಎಷ್ಟು ಹೊತ್ತಿಗೆ ಬಿಸಿಯಾಗುತ್ತೆ ಅಂತ ನೋಡೋದು. ಇದನ್ನ ಫರ್ನೇಸ್ ಒಳಗೇ, ಬೇರೆ ಬೇರೆ ಟೆಂಪರೇಚರಲ್ಲಿ ಮಾಡ್ಬೇಕು, ಯಾಕಂದ್ರೆ ತುಂಬಾ ಬಿಸೀಲಿ ದೊಡ್ಡ ರಂಧ್ರಗಳ ಒಳಗೆ ಶಾಖ ಬೆಳಕಿನ ಥರ ದಾಟೋಕೆ ಶುರು ಮಾಡುತ್ತೆ, ಆಗ ತಣ್ಣಗಿದ್ದಾಗ ಅಳೆದ ಸಂಖ್ಯೆ ಉಪಯೋಗಕ್ಕೆ ಬರಲ್ಲ.

ಕರಗೋ ಬಿಂದು ಎಷ್ಟು ಅಂತ ಎಲ್ಲರೂ ಕೇಳ್ತಾರೆ, ಆದ್ರೆ ಸೆರಾಮಿಕ್ ಹಾಳಾಗೋದು ಹೆಚ್ಚಾಗಿ ಟೆಂಪರೇಚರ್ ದಿಢೀರ್ ಬದಲಾದಾಗ. ಅಲ್ಯುಮಿನಾ ಕರಗೋದು 2000 ಡಿಗ್ರಿ ದಾಟಿದ ಮೇಲೆ, ಅದೇ ಗಟ್ಟಿ ಅಲ್ಯುಮಿನಾನ ಕಾಯಿಸಿ ನೀರಿಗೆ ಹಾಕಿದ್ರೆ ಬರೀ 200 ಡಿಗ್ರಿ ಆಸುಪಾಸಿನ ವ್ಯತ್ಯಾಸಕ್ಕೇ ಬಲ ಒಮ್ಮೆಲೇ ಕುಸಿಯುತ್ತೆ. ಪೋರಸ್, ಅಂದ್ರೆ ರಂಧ್ರ ಇರೋ, ಸೆರಾಮಿಕ್ ಮೊದಲೇ ದುರ್ಬಲ ಇದ್ರೂ ಬಿರುಕು ರಂಧ್ರಕ್ಕೆ ತಾಗಿ ನಿಂತುಬಿಡೋ ಸಾಧ್ಯತೆ ಇರೋದ್ರಿಂದ ಎಷ್ಟೋ ಸಲ ನಿಧಾನವಾಗಿ ಬಲ ಕಳ್ಕೊಳುತ್ತೆ. ಒಂದೇ ತುಂಡು ಬಗ್ಗಿಸಿ ಮುರಿದು ತೀರ್ಮಾನ ಮಾಡೋಕಾಗಲ್ಲ, ಪ್ರತಿ ತುಂಡೂ ಬೇರೆ ಬೇರೆ ಬಲದಲ್ಲಿ ಮುರಿಯುತ್ತೆ, ಹತ್ತಾರು ಬೇಕು.

ಇಷ್ಟೆಲ್ಲ ಮಾಮೂಲಿ ಫರ್ನೇಸ್ ಇಟ್ಟಿಗೆಗೂ ಮಾಡ್ಬಹುದು. ನ್ಯೂಕ್ಲಿಯರ್ ಕೆಲ್ಸಕ್ಕೆ ಅಂದ್ರೆ ಮೊದಲು ಶುದ್ಧತೆ ನೋಡ್ತಾರೆ, ಬೋರಾನ್ ಚೂರೇ ಚೂರು ಇದ್ರೂ ರಿಯಾಕ್ಟರ್ ಓಡೋಕೆ ಬೇಕಾದ ನ್ಯೂಟ್ರಾನ್ ನುಂಗುತ್ತೆ, ಜಿರ್ಕೋನಿಯಾ (ಜಿರ್ಕೋನಿಯಂ ಆಕ್ಸೈಡ್) ಜೊತೆ ಬರೋ ಹ್ಯಾಫ್ನಿಯಂ ಕೂಡ ಹಂಗೇ. ಆಮೇಲೆ ತುಂಡುಗಳನ್ನ ಸಂಶೋಧನಾ ರಿಯಾಕ್ಟರ್ ಒಳಗೆ ತಿಂಗಳುಗಟ್ಲೆ, ಕೆಲವು ಸಲ ವರ್ಷಗಟ್ಲೆ ಇಡ್ತಾರೆ. ನ್ಯೂಟ್ರಾನ್ ಏಟಿಗೆ ಪರಮಾಣುಗಳು ಜಾಗ ಬಿಟ್ಟು ಕದಲ್ತಾವೆ, ಸಿಲಿಕಾನ್ ಕಾರ್ಬೈಡ್ ಸ್ವಲ್ಪ ಊದಿಕೊಂಡು ಶಾಖ ಸಾಗಿಸೋ ಶಕ್ತಿ ಕಳ್ಕೊಳುತ್ತೆ, ಅಲ್ಯುಮಿನಾ ಹರಳುಗಳು ಒಂದು ದಿಕ್ಕಿಗೆ ಜಾಸ್ತಿ ಇನ್ನೊಂದು ದಿಕ್ಕಿಗೆ ಕಮ್ಮಿ ಊದಿ ಒಂದಕ್ಕೊಂದು ಬಿಟ್ಕೊಳ್ತಾವೆ. ವಿಕಿರಣ ಇರೋದ್ರಿಂದ ಆಮೇಲಿನ ಅಳತೆಯೆಲ್ಲ ದಪ್ಪ ಗೋಡೆ ಹಿಂದೆ, ಯಾಂತ್ರಿಕ ಕೈಗಳಿಂದ.

ಟ್ರೈಸೋ ಇಂಧನದ ಕಣಗಳನ್ನ ಹೀಗೇ ಪರೀಕ್ಷೆ ಮಾಡಿದ್ದು. ಒಂದು ಮಿಲಿಮೀಟರ್‌ಗಿಂತ ಚಿಕ್ಕ ಕಣ, ಮಧ್ಯೆ ಯುರೇನಿಯಂ, ಸುತ್ತ ಗ್ಯಾಸ್ ಹಿಡಿಯೋಕೆ ಪೋರಸ್ ಕಾರ್ಬನ್, ಅದರಾಚೆ ಎರಡು ಗಟ್ಟಿ ಕಾರ್ಬನ್ ಪದರದ ನಡುವೆ ಸಿಲಿಕಾನ್ ಕಾರ್ಬೈಡ್. ಅಮೆರಿಕದ ಐಡಾಹೋ ರಿಯಾಕ್ಟರಲ್ಲಿ ಇಟ್ಟು ತೆಗೆದ ಕಣಗಳನ್ನ 1600ರಿಂದ 1800 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೂರಾರು ಗಂಟೆ ಕಾಯಿಸಿ ಏನು ಹೊರಗೆ ಬರುತ್ತೆ ಅಂತ ಕಾದು ನೋಡಿದ್ರು. ಕ್ರಿಪ್ಟಾನ್ ಬಂತು ಅಂದ್ರೆ ಎಲ್ಲ ಪದರಾನೂ ಒಡೆದಿದೆ ಅಂತ. ಕ್ರಿಪ್ಟಾನ್ ಇಲ್ದೆ ಸೀಸಿಯಂ (ಇದೂ ಯುರೇನಿಯಂ ಒಡೆದಾಗ ಹುಟ್ಟೋದೇ) ಮಾತ್ರ ಜಾಸ್ತಿ ಬಂದ್ರೆ ಸಿಲಿಕಾನ್ ಕಾರ್ಬೈಡ್ ಕೆಟ್ಟಿದೆ, ಗಟ್ಟಿ ಕಾರ್ಬನ್ ಪದರ ಇನ್ನೂ ಹಿಡ್ಕೊಂಡಿದೆ.